ಸಂಘದ ಕಟ್ಟಡಕ್ಕೆ ಜಲನಿರೋಧಕ ಲೇಪನ: ಎರಡು ಡಬ್ಬಿಯ ರೆಸಿನ್ ಬೆರೆಸುವ ಸರಿಯಾದ ಕ್ರಮ

(ಸಂಘಗಳ ಆಡಳಿತ ಮಂಡಳಿ ಸದಸ್ಯರು, ಕಾರ್ಯದರ್ಶಿಗಳು ಹಾಗೂ ಸಿಬ್ಬಂದಿಗಾಗಿ ಅಧ್ಯಯನ ಪಾಠ)

ಹಾಲು ಉತ್ಪಾದಕರ ಸಹಕಾರ ಸಂಘದ ಕಟ್ಟಡದ ನೆಲಕ್ಕೆ ಬಿಡುವೆಂಬುದಿಲ್ಲ. ಬೆಳಿಗ್ಗೆ ಮತ್ತು ಸಂಜೆ ಎರಡು ಹೊತ್ತೂ ಹಾಲು ಸುರಿಯುವಾಗ, ಕ್ಯಾನು ಎತ್ತಿ ಇಳಿಸುವಾಗ ಒಂದಿಷ್ಟು ಹಾಲು ಚೆಲ್ಲಿಯೇ ಚೆಲ್ಲುತ್ತದೆ. ನೆಲದ ಬಿರುಕು ಮತ್ತು ಸಂದಿಗಳಲ್ಲಿ ನಿಂತ ಹಾಲು ಹುಳಿಯಾಗುತ್ತದೆ. ಹುಳಿಯಾದ ಹಾಲಿನಲ್ಲಿರುವ ಲ್ಯಾಕ್ಟಿಕ್ ಆಮ್ಲ ಸಿಮೆಂಟನ್ನು ನಿಧಾನವಾಗಿ ತಿನ್ನುತ್ತದೆ. ಸಿಮೆಂಟು ಹೋದ ಮೇಲೆ ಮರಳು ಏಳುತ್ತದೆ, ಗುಂಡಿ ಬೀಳುತ್ತದೆ, ಆ ಗುಂಡಿಯಲ್ಲಿ ಮತ್ತಷ್ಟು ಹಾಲು ನಿಲ್ಲುತ್ತದೆ. ಮೇಲಿನ ತಾರಸಿ ಸೋರುತ್ತಿದ್ದರಂತೂ ಕೇಳುವುದೇ ಬೇಡ.

ಆಹಾರ ಸುರಕ್ಷತೆಯ 2011ರ ಪರವಾನಗಿ ಮತ್ತು ನೋಂದಣಿ ನಿಯಮಗಳ 4ನೇ ಅನುಸೂಚಿಯಂತೆ ಆಹಾರ ಪದಾರ್ಥಗಳನ್ನು ನಿರ್ವಹಿಸುವ ಸ್ಥಳದ ನೆಲ, ಗೋಡೆ ಮತ್ತು ಚಾವಣಿ ಸುಸ್ಥಿತಿಯಲ್ಲಿರಬೇಕು, ನಯವಾಗಿರಬೇಕು, ಸುಲಭವಾಗಿ ತೊಳೆಯುವಂತಿರಬೇಕು. ಸುಲಿಯುವ ಬಣ್ಣ, ಉದುರುವ ಗಾರೆ ಇರಕೂಡದು. ಆದ್ದರಿಂದ ಹಲವು ಸಂಘಗಳು ಹಾಲು ಸ್ವೀಕರಣಾ ಕೊಠಡಿಯ ನೆಲಕ್ಕೆ, ಚರಂಡಿಗೆ, ನೀರಿನ ತೊಟ್ಟಿಗೆ ಮತ್ತು ತಾರಸಿಗೆ ಜಲನಿರೋಧಕ ಲೇಪನ ಮಾಡಿಸುತ್ತವೆ. ಇದಕ್ಕೆ ಬಳಸುವ ವಸ್ತುಗಳಲ್ಲಿ ಬಹಳಷ್ಟು ಎರಡು ಡಬ್ಬಿಗಳಲ್ಲಿ ಬರುತ್ತವೆ. ಎರಡನ್ನೂ ಕೆಲಸದ ಸ್ಥಳದಲ್ಲೇ ಬೆರೆಸಬೇಕು.

ಒಳ್ಳೆಯ ಮಾಲು ಕೊಂಡರೂ ಲೇಪನ ಕೆಡುವುದು ಹೆಚ್ಚಾಗಿ ಎರಡು ಕಡೆ: ನೆಲವನ್ನು ಸಿದ್ಧಪಡಿಸುವಾಗ ಮತ್ತು ಎರಡು ಡಬ್ಬಿಗಳನ್ನು ಬೆರೆಸುವಾಗ. ಸರಿಯಾಗಿ ಬೆರೆಯದ ರೆಸಿನ್ ಎಷ್ಟು ದಿನ ಬಿಟ್ಟರೂ ಗಟ್ಟಿಯಾಗುವುದಿಲ್ಲ. ಅಂಟಂಟಾದ ಆ ಪದರದ ಮೇಲೆ ಮತ್ತೊಂದು ಪದರ ಹಚ್ಚುವಂತಿಲ್ಲ. ಪೂರ್ತಿ ಕೆರೆದು ತೆಗೆದು ಮೊದಲಿನಿಂದ ಆರಂಭಿಸಬೇಕು. ಅಲ್ಲಿಗೆ ಕಟ್ಟಡ ನಿಧಿಯ ಹಣವೂ ಹೋಯಿತು, ಕೊಠಡಿಯೂ ಇನ್ನಷ್ಟು ದಿನ ಮುಚ್ಚಿತು. ಕೆಲಸವನ್ನು ಗುತ್ತಿಗೆಗೆ ಕೊಟ್ಟರೂ ಬೆರೆಸುವ ಹೊತ್ತಿನಲ್ಲಿ ಸಂಘದವರೊಬ್ಬರು ಎದುರಿಗೆ ನಿಂತು ನೋಡುವುದು ಅಗತ್ಯ. ಏನು ನೋಡಬೇಕು ಎಂಬುದೇ ಈ ಪಾಠ.

1. ಎರಡು ಡಬ್ಬಿ ಏಕೆ?

ಸಾಮಾನ್ಯ ಬಣ್ಣ ಒಣಗುತ್ತದೆ. ಅದರಲ್ಲಿರುವ ನೀರೋ ಥಿನ್ನರೋ ಗಾಳಿಗೆ ಆರಿಹೋದಾಗ ಉಳಿದದ್ದು ಪದರವಾಗುತ್ತದೆ. ಎರಡು ಡಬ್ಬಿಯ ಇಪಾಕ್ಸಿ ಹಾಗೆ ಒಣಗುವುದಿಲ್ಲ. ಮೊದಲ ಡಬ್ಬಿಯಲ್ಲಿ ರೆಸಿನ್ ಅಂದರೆ ರಾಳವಿರುತ್ತದೆ. ಇದನ್ನು ಭಾಗ ಎ ಎನ್ನುತ್ತಾರೆ. ಎರಡನೆಯದರಲ್ಲಿ ಹಾರ್ಡನರ್ ಅಂದರೆ ಗಟ್ಟಿಗೊಳಿಸುವ ದ್ರವವಿರುತ್ತದೆ. ಇದು ಭಾಗ ಬಿ. ಇವೆರಡೂ ಸೇರಿದಾಗ ರಾಸಾಯನಿಕ ಕ್ರಿಯೆ ನಡೆದು, ಕಣಗಳು ಒಂದಕ್ಕೊಂದು ಹೆಣೆದುಕೊಂಡು ಹೊಸ ಘನವಸ್ತುವಾಗುತ್ತದೆ. ಒಮ್ಮೆ ಹಾಗಾದರೆ ಮತ್ತೆ ಕರಗಿಸಲಾಗದು.

ಇದು ನಮಗೆ ತೀರಾ ಹೊಸತೇನಲ್ಲ. ಅಂಗಡಿಯಲ್ಲಿ ಸಿಗುವ ಅರಾಲ್ಡೈಟ್‌ನ ಎರಡು ಟ್ಯೂಬುಗಳು, ಪೈಪಿನ ಸೋರಿಕೆಗೆ ಹಚ್ಚುವ ಎಂ-ಸೀಲ್‌ನ ಎರಡು ಬಣ್ಣದ ಉಂಡೆಗಳು ಇದೇ ಜಾತಿಗೆ ಸೇರಿದವು. ಎಂ-ಸೀಲನ್ನು ಎರಡು ಬಣ್ಣ ಹೋಗಿ ಒಂದೇ ಬಣ್ಣವಾಗುವವರೆಗೆ ನಾದಬೇಕೆಂದು ಎಲ್ಲರಿಗೂ ಗೊತ್ತು. ಅರ್ಧಂಬರ್ಧ ನಾದಿದರೆ ಗೆರೆ ಗೆರೆಯಾಗಿ ಮೆತ್ತಗೆ ಉಳಿಯುತ್ತದೆ. ಬಕೆಟ್ಟಿನಲ್ಲಿ ಬೆರೆಸುವ ರೆಸಿನ್‌ನ ನಿಯಮವೂ ಅದೇ. ಪ್ರಮಾಣ ಮಾತ್ರ ದೊಡ್ಡದು.

2. ಹಾರ್ಡನರ್ ಎಂದರೆ ಹೆಪ್ಪಲ್ಲ

ಬಹಳ ಮಂದಿ ಹಾರ್ಡನರನ್ನು ಹಾಲಿಗೆ ಹಾಕುವ ಹೆಪ್ಪಿನಂತೆ ಭಾವಿಸುತ್ತಾರೆ. ಒಂದು ಚಮಚ ಹೆಪ್ಪು ಒಂದು ಪಾತ್ರೆ ಹಾಲನ್ನು ಮೊಸರಾಗಿಸುತ್ತದೆ. ಸ್ವಲ್ಪ ಹೆಚ್ಚು ಹಾಕಿದರೆ ಬೇಗ ಹೆಪ್ಪುಗಟ್ಟುತ್ತದೆ, ಕಡಿಮೆಯಾದರೆ ತಡವಾಗುತ್ತದೆ, ಅಷ್ಟೇ. ಆದ್ದರಿಂದ “ಬೇಗ ಗಟ್ಟಿಯಾಗಲಿ, ಹಾರ್ಡನರ್ ಇನ್ನಷ್ಟು ಹಾಕು” ಎಂಬ ಮಾತು ಕೆಲಸದ ಸ್ಥಳದಲ್ಲಿ ಕೇಳಿಬರುತ್ತದೆ. ಇಪಾಕ್ಸಿಯ ವಿಷಯದಲ್ಲಿ ಇದು ಪೂರ್ತಿ ತಪ್ಪು.

ಇಲ್ಲಿ ನೆನಪಿಡಬೇಕಾದದ್ದು ನೊಗ ಮತ್ತು ಎತ್ತುಗಳ ಲೆಕ್ಕ. ಒಂದು ನೊಗಕ್ಕೆ ಎಡಕ್ಕೊಂದು, ಬಲಕ್ಕೊಂದು ಎತ್ತು ಬೇಕು. ಎಡಕ್ಕೆ ಕಟ್ಟುವ ಎತ್ತು 10, ಬಲಕ್ಕೆ ಕಟ್ಟುವ ಎತ್ತು 13 ಇದ್ದರೆ ಹೂಡಬಹುದಾದದ್ದು 10 ಜೋಡಿ ಮಾತ್ರ. ಉಳಿದ 3 ಎತ್ತು ಕೆಲಸವಿಲ್ಲದೆ ನಿಲ್ಲುತ್ತವೆ. ಹಾಗೆಯೇ ರೆಸಿನ್‌ನ ಒಂದೊಂದು ಕೊಂಡಿಗೂ ಹಾರ್ಡನರ್‌ನ ಒಂದೊಂದು ಕೊಂಡಿ ಜೋಡಿಯಾಗಬೇಕು. ಹಾರ್ಡನರ್ ಹೆಚ್ಚಾದರೆ ಜೋಡಿ ಸಿಗದ ಹಾರ್ಡನರ್ ಪದರದೊಳಗೆ ಹಾಗೆಯೇ ಉಳಿದು ಪದರ ಮೆತ್ತಗಾಗುತ್ತದೆ, ನೀರಿಗೆ ಬಿಳಿಚುತ್ತದೆ, ವಾಸನೆ ಬರುತ್ತದೆ. ಕಡಿಮೆಯಾದರೆ ರೆಸಿನ್ ಉಳಿದು ಅಂಟಂಟಾಗುತ್ತದೆ. ಎರಡರಲ್ಲೂ ನಷ್ಟವೇ.

ಈ ತಪ್ಪು ತಿಳಿವಳಿಕೆಗೆ ಕಾರಣವೂ ಇದೆ. ಫೈಬರ್‌ಗ್ಲಾಸ್ ತೊಟ್ಟಿ ಮಾಡುವವರು ಬಳಸುವ ಪಾಲಿಯೆಸ್ಟರ್ ರೆಸಿನ್ ಬೇರೆ ಜಾತಿಯದು. ಅದಕ್ಕೆ ಹಾಕುವುದು ನೂರಕ್ಕೆ 1ರಿಂದ 2 ಭಾಗದಷ್ಟು ಪ್ರಚೋದಕ ದ್ರವ. ಅದು ನಿಜಕ್ಕೂ ಹೆಪ್ಪಿನಂತೆಯೇ ಕೆಲಸ ಮಾಡುತ್ತದೆ ಮತ್ತು ಹವೆಗೆ ತಕ್ಕಂತೆ ತುಸು ಹೆಚ್ಚು ಕಡಿಮೆ ಮಾಡಲು ಅವಕಾಶವಿದೆ. ಆ ಕೆಲಸದಲ್ಲಿ ಪಳಗಿದವರು ಅದೇ ರೂಢಿಯನ್ನು ಇಪಾಕ್ಸಿಗೂ ತರುತ್ತಾರೆ. ಹೀಗಾಗಿ ಕೆಲಸ ಆರಂಭಿಸುವ ಮೊದಲು ಡಬ್ಬಿಯ ಮೇಲೆ ಯಾವ ರೆಸಿನ್ ಎಂದು ಬರೆದಿದೆ ನೋಡಿ, ಮೇಸ್ತ್ರಿಗೂ ಓದಿ ಹೇಳಿ. ಒಂದು ಕಂಪನಿಯ ರೆಸಿನ್‌ಗೆ ಇನ್ನೊಂದು ಕಂಪನಿಯ ಹಾರ್ಡನರ್ ಸೇರಿಸತಕ್ಕದ್ದಲ್ಲ. ಒಂದೇ ಕಂಪನಿಯದಾದರೂ ಬೇರೆ ಸಂಖ್ಯೆಯ ಹಾರ್ಡನರ್ ಸಲ್ಲದು.

3. ಯಾವ ಜಾಗಕ್ಕೆ ಯಾವುದು?

ಇಪಾಕ್ಸಿ: ಹಾಲು ಸ್ವೀಕರಣಾ ಕೊಠಡಿಯ ನೆಲ, ಗೋಡೆಯ ಕೆಳಭಾಗ, ಚರಂಡಿಗೆ ಒಪ್ಪುತ್ತದೆ. ಬಿಸಿಲಿಗೆ ಇದು ಹಳದಿಯಾಗಿ ಸೀಮೆಸುಣ್ಣದಂತೆ ಪುಡಿಯೇಳುವುದರಿಂದ ತೆರೆದ ತಾರಸಿಯ ಮೇಲ್ಪದರಕ್ಕೆ ತಕ್ಕದ್ದಲ್ಲ. ಕುದಿಯುವ ನೀರು ಪದೇ ಪದೇ ಬೀಳುವ ಕಡೆಯೂ ಸಾಧಾರಣ ಇಪಾಕ್ಸಿ ತಾಳುವುದಿಲ್ಲ. ಅಂತಹ ಕಡೆಗೆ ಸಿಮೆಂಟು ಬೆರೆತ ಪಾಲಿಯುರೆಥೇನ್ ನೆಲಹಾಸು ಕೇಳಿ ಪಡೆಯಬೇಕು.

ಎರಡು ಡಬ್ಬಿಯ ಪಾಲಿಯುರೆಥೇನ್: ಎಳೆದರೆ ಹಿಗ್ಗುವ ಗುಣವಿರುವುದರಿಂದ ತಾರಸಿಗೆ ಹೊಂದುತ್ತದೆ. ಇದರ ಹಾರ್ಡನರ್ ನೀರನ್ನು ಕಂಡರೆ ಇಂಗಾಲದ ಡೈಆಕ್ಸೈಡ್ ಅನಿಲ ಬಿಟ್ಟು ನೊರೆಯಾಗುತ್ತದೆ. ಒದ್ದೆ ಬಕೆಟ್ಟು, ಒದ್ದೆ ನೆಲ, ತೆರೆದಿಟ್ಟ ಡಬ್ಬಿ ಮೂರೂ ಇದಕ್ಕೆ ಶತ್ರು.

ಅಕ್ರಿಲಿಕ್ ದ್ರವ ಮತ್ತು ಸಿಮೆಂಟು ಪುಡಿಯ ಲೇಪನ: ಒಂದು ಕ್ಯಾನು ಹಾಲಿನಂತಹ ಬಿಳಿ ದ್ರವ, ಒಂದು ಚೀಲ ಪುಡಿ ಬರುತ್ತದೆ. ತಾರಸಿ, ಬಚ್ಚಲು, ನೀರಿನ ತೊಟ್ಟಿಗೆ ಹೆಚ್ಚು ಬಳಕೆಯಲ್ಲಿದೆ, ಖರ್ಚೂ ಕಡಿಮೆ. ಕುಡಿಯುವ ನೀರಿನ ಅಥವಾ ಕ್ಯಾನು ತೊಳೆಯುವ ನೀರಿನ ತೊಟ್ಟಿಗಾದರೆ, ಕುಡಿಯುವ ನೀರಿನ ಸಂಪರ್ಕಕ್ಕೆ ಯೋಗ್ಯವೆಂಬ ಪ್ರಮಾಣಪತ್ರವನ್ನು ಮಾರಾಟಗಾರರಿಂದ ಲಿಖಿತವಾಗಿ ಪಡೆಯತಕ್ಕದ್ದು.

ಇಪಾಕ್ಸಿ ನೆಲಹಾಸಿನ ವಸ್ತುಗಳಿಗೆ ಐ.ಎಸ್. 9197 ಮತ್ತು ಹಾಸುವ ಕ್ರಮಕ್ಕೆ ಐ.ಎಸ್. 4631 ಎಂಬ ಭಾರತೀಯ ಮಾನಕಗಳಿವೆ. ದರಪಟ್ಟಿ ಕರೆಯುವಾಗ ಇವನ್ನು ನಮೂದಿಸುವುದು ಒಳ್ಳೆಯದು.

4. ತೂಕವೋ, ಅಳತೆಯೋ?

ಇದು ಈ ಪಾಠದ ಮುಖ್ಯ ಭಾಗ. ಡಬ್ಬಿಯ ಮೇಲೆ 2:1 ಎಂದು ಬರೆದಿದ್ದರೆ ಅದು ತೂಕದ ಪ್ರಮಾಣವೋ, ಲೀಟರ್ ಅಳತೆಯ ಪ್ರಮಾಣವೋ ಎಂಬುದನ್ನು ಮೊದಲು ಕಂಡುಕೊಳ್ಳಬೇಕು.

ಹಾಲಿನ ಒಂದು ಲೀಟರು ಒಂದು ಕಿಲೋ ಅಲ್ಲವೆಂದು ನಮ್ಮ ಸಂಘಗಳ ಹಾಲು ಪರೀಕ್ಷಕರಿಗೆ ಹೇಳಿಕೊಡಬೇಕಾಗಿಲ್ಲ. ಒಂದು ಲೀಟರು ಹಾಲು ಸುಮಾರು 1.03 ಕಿಲೋ ತೂಗುತ್ತದೆ. ಲ್ಯಾಕ್ಟೋಮೀಟರ್ ತೋರಿಸುವುದು ಇದನ್ನೇ. ಹಾಲಿನಲ್ಲಿ ಈ ವ್ಯತ್ಯಾಸ ನೂರಕ್ಕೆ ಮೂರರಷ್ಟು. ಬಣ್ಣ ಮತ್ತು ಪುಡಿ ಸೇರಿಸಿದ ರೆಸಿನ್‌ನಲ್ಲಿ ಬಹಳ ಹೆಚ್ಚು.

ಒಂದು ಲೆಕ್ಕ ನೋಡೋಣ. ಭಾಗ ಎ ಒಂದು ಲೀಟರು 1.5 ಕಿಲೋ, ಭಾಗ ಬಿ ಒಂದು ಲೀಟರು 1 ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳಿ. ಕಂಪನಿ ಹೇಳಿದ ಪ್ರಮಾಣ ತೂಕದಲ್ಲಿ 2:1. ಆದರೆ ಕೆಲಸದವರು ಮಗ್ಗಿನಲ್ಲಿ ಅಳೆದು 2 ಲೀಟರು ಎ, 1 ಲೀಟರು ಬಿ ಹಾಕಿದರು.

ಎ ಹಾಕಿದ್ದು: 2 × 1.5 = 3 ಕಿಲೋ.
ಅದಕ್ಕೆ ಬೇಕಾದ ಬಿ: 3 ÷ 2 = 1.5 ಕಿಲೋ.
ಹಾಕಿದ ಬಿ: 1 × 1 = 1 ಕಿಲೋ.
ಕೊರತೆ: ಅರ್ಧ ಕಿಲೋ, ಅಂದರೆ ಬೇಕಾದುದರಲ್ಲಿ ಮೂರನೇ ಒಂದು ಪಾಲು.

ಕಣ್ಣಿಗೆ “ಎರಡಕ್ಕೆ ಒಂದು” ಸರಿಯಾಗಿಯೇ ಕಂಡಿತು. ಮಗ್ಗೂ ತುಂಬಿತ್ತು. ಆದರೂ ನೆಲ ಗಟ್ಟಿಯಾಗಲಾರದು. ತೂಕದ ಪ್ರಮಾಣ ಕೊಟ್ಟಿದ್ದರೆ ತೂಗಿಯೇ ಹಾಕಬೇಕು, ಅಳತೆಯ ಪ್ರಮಾಣ ಕೊಟ್ಟಿದ್ದರೆ ಗುರುತು ಹಾಕಿದ ಜಾಡಿಯಿಂದ ಅಳೆದೇ ಹಾಕಬೇಕು. ಕಣ್ಣಂದಾಜು ಎರಡಕ್ಕೂ ಸಲ್ಲದು.

ತಕ್ಕಡಿಯ ಸೂಕ್ಷ್ಮತೆಯೂ ಮುಖ್ಯ. ಬೇಕಾದ ಹಾರ್ಡನರ್ 500 ಗ್ರಾಂ ಇದ್ದು, ತಕ್ಕಡಿ 100 ಗ್ರಾಂ ಗೆರೆಯದಾದರೆ 50 ಗ್ರಾಂ ಆಚೀಚೆಯಾದರೂ ಗೊತ್ತಾಗದು. ಅದೇ ನೂರಕ್ಕೆ ಹತ್ತು ತಪ್ಪು. 5 ಗ್ರಾಂ ತೋರಿಸುವ ತಕ್ಕಡಿ ಬಳಸಿ. ಹಾಲು ತೂಗುವ ತಕ್ಕಡಿ, ಹಾಲಿನ ಪಾತ್ರೆ, ಸ್ಯಾಂಪಲ್ ಬಾಟಲಿಗಳನ್ನು ಈ ಕೆಲಸಕ್ಕೆ ಯಾವ ಕಾರಣಕ್ಕೂ ಕೊಡಕೂಡದು.

ಸಾಧ್ಯವಾದಷ್ಟೂ ಕೆಲಸದ ಅಳತೆಗೆ ಹೊಂದುವ ಸಣ್ಣ ಪ್ಯಾಕುಗಳನ್ನು ಕೊಂಡು ಒಂದು ಪೂರ್ತಿ ಎ ಡಬ್ಬಿಗೆ ಒಂದು ಪೂರ್ತಿ ಬಿ ಡಬ್ಬಿ ಸುರಿಯುವುದು ಎಲ್ಲಕ್ಕಿಂತ ಕ್ಷೇಮ. ಕಂಪನಿಯವರು ಪ್ರಮಾಣಕ್ಕೆ ತಕ್ಕಂತೆ ತುಂಬಿಯೇ ಕಳಿಸಿರುತ್ತಾರೆ. ಆಗಲೂ ಬಿ ಡಬ್ಬಿಯ ತಳದಲ್ಲಿ ಅಂಟಿದ್ದನ್ನು ಕೆರೆದು ಹಾಕಬೇಕು. ಡಬ್ಬಿಯಲ್ಲೇ ಉಳಿದದ್ದು ಕೊರತೆಯ ಲೆಕ್ಕಕ್ಕೆ ಸೇರುತ್ತದೆ.

5. ಎಷ್ಟು ಬೇಕು?

ಒಂದು ಚದರ ಮೀಟರಿಗೆ ಒಂದು ಮಿಲಿಮೀಟರು ದಪ್ಪಕ್ಕೆ ಒಂದು ಲೀಟರು. ಈ ಸೂತ್ರ ನೆನಪಿಟ್ಟರೆ ಸಾಕು. ಥಿನ್ನರ್ ಇಲ್ಲದ ರೆಸಿನ್‌ಗೆ ಇದು ನೇರವಾಗಿ ಅನ್ವಯಿಸುತ್ತದೆ.

12 ಅಡಿ ಉದ್ದ, 10 ಅಡಿ ಅಗಲದ ಕೊಠಡಿ 120 ಚದರ ಅಡಿ, ಅಂದರೆ ಸುಮಾರು 11.15 ಚದರ ಮೀಟರು. 0.2 ಮಿ.ಮೀ. ದಪ್ಪದ ಎರಡು ಕೋಟು ಬೇಕಾದರೆ ಒಟ್ಟು 0.4 ಮಿ.ಮೀ. 11.15 × 0.4 = 4.46 ಲೀಟರು. ನೂರಕ್ಕೆ ಹತ್ತು ಹೆಚ್ಚುವರಿ ಹಿಡಿದರೆ 4.9 ಲೀಟರು. ಮೇಲಿನ ಉದಾಹರಣೆಯ ರೆಸಿನ್ ಬೆರೆತ ಮೇಲೆ ಲೀಟರಿಗೆ ಸುಮಾರು 1.29 ಕಿಲೋ ಆಗುವುದರಿಂದ 6.3 ಕಿಲೋ ಬೇಕು. 2:1ರಂತೆ ಎ 4.2 ಕಿಲೋ, ಬಿ 2.1 ಕಿಲೋ. ಇದು ಎರಡು ಕೋಟಿಗೆ. ಒಂದು ಕೋಟಿಗೆ ಇದರ ಅರ್ಧ. ಕೆಳಗಿನ ಪ್ರೈಮರ್‌ನ ಲೆಕ್ಕ ಬೇರೆ.

6. ತಿಪ್ಪೆಯ ಬಿಸಿ, ಬಕೆಟ್ಟಿನ ಬಿಸಿ

ಎ ಮತ್ತು ಬಿ ಸೇರಿದಾಗ ಬಿಸಿ ಹುಟ್ಟುತ್ತದೆ. ಹಸಿ ಸಗಣಿಯ ತಿಪ್ಪೆಯೊಳಗೆ ಕೈಯಿಟ್ಟರೆ ಬಿಸಿ, ಅದೇ ಗೊಬ್ಬರವನ್ನು ಹೊಲದಲ್ಲಿ ಹರಡಿದರೆ ತಣ್ಣಗೆ. ರೆಸಿನ್ ಕೂಡ ಹಾಗೆಯೇ. ಬಕೆಟ್ಟಿನಲ್ಲಿ ರಾಶಿಯಾಗಿ ಇದ್ದಷ್ಟೂ ಬಿಸಿ ಹೊರಹೋಗದೆ ಒಳಗೇ ಸೇರುತ್ತದೆ. ಬಿಸಿ ಹೆಚ್ಚಾದಂತೆ ಕ್ರಿಯೆ ವೇಗವಾಗುತ್ತದೆ, ವೇಗವಾದಂತೆ ಬಿಸಿ ಮತ್ತೂ ಏರುತ್ತದೆ. ಕೊನೆಗೆ ಬಕೆಟ್ಟಿನಲ್ಲೇ ಹೊಗೆಯೆದ್ದು ಕಲ್ಲಾಗುತ್ತದೆ. ಪ್ಲಾಸ್ಟಿಕ್ ಬಕೆಟ್ಟು ಕರಗುವುದೂ ಉಂಟು.

ಬೆರೆಸಿದ ಮೇಲೆ ಬಳಸಲು ಸಿಗುವ ಸಮಯವನ್ನು ಪಾಟ್ ಲೈಫ್ ಎನ್ನುತ್ತಾರೆ. ಇದನ್ನು ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕಹಾಕಿ ಡಬ್ಬಿಯ ಮೇಲೆ ಬರೆದಿರುತ್ತಾರೆ. ಉಷ್ಣತೆ 10 ಡಿಗ್ರಿ ಏರಿದರೆ ಈ ಸಮಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. 30 ನಿಮಿಷ ಎಂದಿದ್ದರೆ, ಬಯಲುಸೀಮೆಯ 35 ಡಿಗ್ರಿ ಬೇಸಿಗೆಯಲ್ಲಿ ಸಿಗುವುದು 15 ನಿಮಿಷ. ಆದ್ದರಿಂದ:

(ಅ) ಒಮ್ಮೆಗೆ ಒಬ್ಬರು ಹಚ್ಚಿ ಮುಗಿಸುವಷ್ಟನ್ನೇ ಬೆರೆಸಿ. ಮೊದಲ ಸಲ ಮಾಡುವವರು ಎ 1 ಕಿಲೋ, ಬಿ ಅರ್ಧ ಕಿಲೋಗಿಂತ ಹೆಚ್ಚು ಬೆರೆಸದಿರುವುದು ಲೇಸು.
(ಆ) ಡಬ್ಬಿಗಳನ್ನು ಬಿಸಿಲಿನಲ್ಲಿಡದೆ ನೆರಳಿನಲ್ಲಿಡಿ.
(ಇ) ಬೆರೆಸಿದ ತಕ್ಷಣ ನೆಲದ ಮೇಲೆ ಸುರಿದು ತೆಳುವಾಗಿ ಹರಡಿ. ಹರಡಿದರೆ ಬಿಸಿ ಬಿಟ್ಟುಹೋಗಿ ಹೆಚ್ಚು ಸಮಯ ಸಿಗುತ್ತದೆ.
(ಈ) ಬಕೆಟ್ಟಿನಲ್ಲಿ ಬಿಸಿಯೇರಿ ದಪ್ಪವಾಗತೊಡಗಿದ್ದನ್ನು ಥಿನ್ನರ್ ಹಾಕಿ ತೆಳುಮಾಡಿ ಬಳಸಕೂಡದು. ಅದನ್ನು ಹೊರಗೆ ತೆರೆದ ಬಯಲಿನಲ್ಲಿಟ್ಟು ಬಿಡಿ.

7. ಬೆರೆಸುವ ಕ್ರಮ

1) ನೆಲದ ಸಿದ್ಧತೆ, ಉರುಳೆ, ಬ್ರಷ್ಷು, ಕರಣೆ, ಕೈಚೀಲ ಎಲ್ಲವೂ ಸಿದ್ಧವಾದ ಮೇಲೆಯೇ ಡಬ್ಬಿ ತೆರೆಯಿರಿ. ಬೆರೆಸಿದ ಮೇಲೆ ಬ್ರಷ್ಷು ಹುಡುಕಲು ಹೊತ್ತಿಲ್ಲ.

2) ಮೊದಲು ಭಾಗ ಎ ಒಂದನ್ನೇ ಚೆನ್ನಾಗಿ ಕಲಕಿ. ಬಣ್ಣ ಮತ್ತು ಪುಡಿ ತಳದಲ್ಲಿ ಕೂತಿರುತ್ತದೆ. ಕಲಕದೆ ಮೇಲಿನದನ್ನು ತೆಗೆದರೆ ತೂಕ ಸರಿಯಿದ್ದರೂ ಒಳಗಿನ ರೆಸಿನ್ ಪ್ರಮಾಣ ತಪ್ಪುತ್ತದೆ. ಕ್ಯಾನಿನ ಹಾಲನ್ನು ಕಲಕದೆ ಮೇಲಿನ ಕೆನೆಯಿಂದ ಸ್ಯಾಂಪಲ್ ತೆಗೆದಂತೆ.

3) ಒಣಗಿದ, ಶುಭ್ರವಾದ, ಸಮತಟ್ಟಾದ ತಳದ ಬಕೆಟ್ಟಿಗೆ ಎ ತೂಗಿ ಹಾಕಿ. ಅದಕ್ಕೆ ಬಿ ತೂಗಿ ಹಾಕಿ.

4) ನಿಧಾನ ವೇಗದ ಡ್ರಿಲ್ ಯಂತ್ರಕ್ಕೆ ಕಲಕುವ ಅಲಗು ಸಿಕ್ಕಿಸಿ, ನಿಮಿಷಕ್ಕೆ 300ರಿಂದ 400 ಸುತ್ತಿನಲ್ಲಿ ಮೂರು ನಿಮಿಷ ಕಲಕಿ. ಗಡಿಯಾರ ನೋಡಿಯೇ ಮೂರು ನಿಮಿಷ. ವೇಗ ಹೆಚ್ಚಾದರೆ ಗಾಳಿ ಸೇರಿ ನೊರೆಯಾಗುತ್ತದೆ, ಆ ಗುಳ್ಳೆಗಳು ನೆಲದಲ್ಲಿ ಸೂಜಿರಂಧ್ರಗಳಾಗುತ್ತವೆ. ಅಲಗು ಯಾವಾಗಲೂ ದ್ರವದೊಳಗೇ ಮುಳುಗಿರಲಿ. ಒಂದು ಕಿಲೋಗಿಂತ ಕಡಿಮೆಯಿದ್ದರೆ ಚಪ್ಪಟೆ ಪಟ್ಟಿಯಿಂದ ಕೈಯಲ್ಲೇ ಕಲಕಬಹುದು. ದುಂಡನೆಯ ಕೋಲು ಬೇಡ. ಅದು ಮೂಲೆ ಮುಟ್ಟುವುದಿಲ್ಲ.

5) ನಡುವೆ ಎರಡು ಮೂರು ಸಲ ನಿಲ್ಲಿಸಿ ಬಕೆಟ್ಟಿನ ಗೋಡೆ, ತಳ ಮತ್ತು ತಳದ ಅಂಚನ್ನು ಪಟ್ಟಿಯಿಂದ ಕೆರೆದು ನಡುವಿಗೆ ತನ್ನಿ.

6) ಈಗ ಎಲ್ಲವನ್ನೂ ಎರಡನೆಯ ಶುಭ್ರ ಬಕೆಟ್ಟಿಗೆ ಸುರಿದು ಮತ್ತೆ ಒಂದು ನಿಮಿಷ ಕಲಕಿ. ಮೊದಲ ಬಕೆಟ್ಟಿನ ಗೋಡೆಗೆ ಅಂಟಿದ ಬೆರೆಯದ ರೆಸಿನ್ ನೆಲ ಸೇರದಂತೆ ತಡೆಯುವ ಉಪಾಯವಿದು. ನೆಲದ ಮೇಲೆ ಅಲ್ಲಲ್ಲಿ ಅಂಟಿನ ಚುಕ್ಕೆಗಳು ಉಳಿಯುವುದಕ್ಕೆ ಬಹುಪಾಲು ಕಾರಣ ಈ ಹಂತವನ್ನು ಬಿಟ್ಟಿರುವುದೇ.

7) ಬಣ್ಣದ ಗೆರೆ ಒಂದೂ ಕಾಣದೆ ಏಕರೂಪವಾದ ಮೇಲೆ, ಮರಳು ಅಥವಾ ಸ್ಫಟಿಕದ ಪುಡಿ ಸೇರಿಸುವುದಿದ್ದರೆ ಈಗ ಸೇರಿಸಿ. ಅದೂ ಪೂರ್ತಿ ಒಣಗಿದ್ದಿರಬೇಕು. ಎ ಮತ್ತು ಬಿ ಸೇರುವ ಮೊದಲು ಮರಳು ಹಾಕಬಾರದು.

8) ಕೆಲವು ಇಪಾಕ್ಸಿಗಳಿಗೆ ಬೆರೆಸಿದ ಬಳಿಕ ಸ್ವಲ್ಪ ಹೊತ್ತು ಬಿಟ್ಟು ಹಚ್ಚಬೇಕೆಂಬ ಸೂಚನೆಯಿರುತ್ತದೆ. ಡಬ್ಬಿಯ ಮೇಲೆ ಹಾಗೆ ಬರೆದಿದ್ದರೆ ಮಾತ್ರ ಪಾಲಿಸಿ.

9) ಸುರಿದು ಮುಗಿದ ಬಕೆಟ್ಟನ್ನು ನೆಲದ ಮೇಲೆ ಬೋರಲು ಹಾಕಿ ಕೊನೆಯ ಹನಿ ಇಳಿಸುವ ರೂಢಿ ಬಿಡಿ. ಗೋಡೆಗೆ ಅಂಟಿದ್ದರಲ್ಲಿ ಬೆರೆಯದ ಭಾಗವಿರುತ್ತದೆ. ಸೀಮೆಎಣ್ಣೆ, ನೀರು, ಕಂಡ ಕಂಡ ಥಿನ್ನರ್ ಸೇರಿಸುವುದೂ ಕೂಡದು.

8. ಸಿಮೆಂಟು ಪುಡಿಯ ಲೇಪನಕ್ಕೆ ಬೇರೆ ನಿಯಮ

ಅಕ್ರಿಲಿಕ್ ದ್ರವ ಮತ್ತು ಪುಡಿಯ ಲೇಪನದಲ್ಲಿ ದ್ರವವನ್ನು ಮೊದಲು ಬಕೆಟ್ಟಿಗೆ ಹಾಕಿ, ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸುತ್ತ ಕಲಕಬೇಕು. ಪುಡಿಯ ಮೇಲೆ ದ್ರವ ಸುರಿದರೆ ಮುದ್ದೆಯಾಗಿ ಗಂಟು ಉಳಿಯುತ್ತದೆ. ರಾಗಿ ಅಂಬಲಿ ಕಾಯಿಸುವವರಿಗೆ ಇದು ಗೊತ್ತಿರುವ ಮಾತು. ದಪ್ಪವೆನಿಸಿತೆಂದು ನೀರು ಸೇರಿಸಿದರೆ ಪದರದ ಬಲ ಕುಗ್ಗುತ್ತದೆ. ಗಟ್ಟಿಯಾಗತೊಡಗಿದ್ದನ್ನು ಮತ್ತೆ ನೀರು ಹಾಕಿ ಕಲಕಿ ಬಳಸಬಾರದು.

ಇನ್ನೊಂದು ಮುಖ್ಯ ವ್ಯತ್ಯಾಸ: ಈ ಲೇಪನಕ್ಕೆ ನೆಲ ತೇವವಾಗಿರಬೇಕು, ಆದರೆ ನೀರು ನಿಂತಿರಬಾರದು. ಸಾಮಾನ್ಯ ಇಪಾಕ್ಸಿಗಾದರೋ ನೆಲ ಪೂರ್ತಿ ಒಣಗಿರಬೇಕು. ಇವೆರಡನ್ನೂ ಅದಲು ಬದಲು ಮಾಡಿದರೆ ಎರಡೂ ಕೆಡುತ್ತವೆ. ಮೊದಲ ಕೋಟು ಉದ್ದಕ್ಕೆ ಹಚ್ಚಿದರೆ ಎರಡನೆಯದನ್ನು ಅಡ್ಡಕ್ಕೆ ಹಚ್ಚಿ.

9. ನೆಲ ಮತ್ತು ಹವೆ

ಹಾಲಿನ ಕೊಠಡಿಯ ನೆಲ ಕೊಬ್ಬು ಕುಡಿದಿರುತ್ತದೆ. ಬಿಸಿನೀರು ಮತ್ತು ಒಗೆಯುವ ಸೋಡಾದಿಂದ ಉಜ್ಜಿ ತೊಳೆದು, ಶುದ್ಧ ನೀರಿನಿಂದ ಸೋಡಾ ಹೋಗುವವರೆಗೆ ತೊಳೆಯಬೇಕು. ಬಳಿಕ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ನೆಲ ಹೀರಿಕೊಂಡರೆ ಸರಿ. ಮುತ್ತಿನಂತೆ ನಿಂತರೆ ಜಿಡ್ಡು ಇನ್ನೂ ಇದೆ. ಹುಳಿಗೆ ಕೊರೆದುಹೋದ ಸಡಿಲ ಭಾಗವನ್ನು ಗಟ್ಟಿ ಕಾಂಕ್ರೀಟು ಸಿಗುವವರೆಗೆ ಉಜ್ಜಿ ತೆಗೆಯಿರಿ. ಹೊಸ ಕಾಂಕ್ರೀಟಾದರೆ 28 ದಿನ ಕಳೆದಿರಲಿ.

ತೇವದ ಪರೀಕ್ಷೆ ಸುಲಭ. ಒಂದೂವರೆ ಅಡಿ ಚೌಕದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ನೆಲಕ್ಕೆ ನಾಲ್ಕೂ ಅಂಚು ಟೇಪಿನಿಂದ ಅಂಟಿಸಿ ಕನಿಷ್ಠ 16 ಗಂಟೆ ಬಿಡಿ. ಹಾಳೆಯ ಕೆಳಗೆ ಹನಿ ಕಂಡರೆ ಅಥವಾ ನೆಲದ ಬಣ್ಣ ಗಾಢವಾಗಿದ್ದರೆ ಕೆಲಸ ಮುಂದೂಡಿ.

ತಣ್ಣನೆಯ ಹಾಲಿನ ಕ್ಯಾನಿನ ಹೊರಮೈ ಬೆವರುವುದನ್ನು ನೋಡಿದ್ದೀರಿ. ಶೀತಲೀಕರಣ ಕೊಠಡಿಯ ನೆಲವೂ ಹಾಗೆ ಬೆವರುತ್ತದೆ. ಆ ಬೆವರಿನ ಮೇಲೆ ಇಪಾಕ್ಸಿ ಹಿಡಿಯುವುದಿಲ್ಲ. ನೆಲದ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು ಎಂಬುದು ನಿಯಮ. ಮಳೆಗಾಲದಲ್ಲಿ, ಮಲೆನಾಡಿನ ಥಂಡಿಯಲ್ಲಿ ಈ ಕೆಲಸ ಇಟ್ಟುಕೊಳ್ಳದಿರುವುದು ಒಳ್ಳೆಯದು. ಶಿವರಾತ್ರಿ ಕಳೆದು ಮುಂಗಾರಿಗೆ ಮೊದಲು ಮುಗಿಸಿ. ಬೇಸಿಗೆಯಲ್ಲಿ ತಾರಸಿಗೆ ಸಂಜೆ ಹಚ್ಚುವುದು ಲೇಸು. ಬೆಳಗಿನ ಬಿಸಿಲೇರುವಾಗ ಕಾಂಕ್ರೀಟಿನೊಳಗಿನ ಗಾಳಿ ಹಿಗ್ಗಿ ಮೇಲೆದ್ದು ಗುಳ್ಳೆ ಮಾಡುತ್ತದೆ. ಸಂಜೆ ಕಾಂಕ್ರೀಟು ತಣಿಯುವಾಗ ಆ ಭಯವಿಲ್ಲ.

10. ಕೈ, ಕಣ್ಣು, ಹಾಲು, ದನ

ಹಾರ್ಡನರ್ ಚರ್ಮವನ್ನು ಸುಡುವ ವಸ್ತು. ರೆಸಿನ್ ಮತ್ತು ಹಾರ್ಡನರ್ ಪದೇ ಪದೇ ಚರ್ಮಕ್ಕೆ ತಗುಲಿದರೆ ಒಗ್ಗದಿಕೆ ಬರುತ್ತದೆ. ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವಮಾನವಿಡೀ ಹೋಗುವುದಿಲ್ಲ. ಮುಂದೆ ಸ್ವಲ್ಪ ತಾಗಿದರೂ ಕಜ್ಜಿಯೇಳುತ್ತದೆ. ಹಾಲು ಕರೆಯುವ ಕೈಗೆ ಇದು ಸಣ್ಣ ಮಾತಲ್ಲ. ನೈಟ್ರೈಲ್ ಕೈಚೀಲ, ಕನ್ನಡಕ, ಉದ್ದ ತೋಳಿನ ಅಂಗಿ ಕಡ್ಡಾಯ. ಮೈಗೆ ಅಂಟಿದ್ದನ್ನು ಥಿನ್ನರಿನಿಂದ ಒರೆಸಬೇಡಿ. ಥಿನ್ನರ್ ಅದನ್ನು ಚರ್ಮದೊಳಕ್ಕೆ ಇಳಿಸುತ್ತದೆ. ಬಟ್ಟೆಯಿಂದ ಒರೆಸಿ ಸಾಬೂನು ನೀರಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದರೆ 15 ನಿಮಿಷ ಶುದ್ಧ ನೀರು ಹಾಯಿಸಿ ಕೂಡಲೇ ವೈದ್ಯರ ಬಳಿ ಕರೆದೊಯ್ಯಿರಿ. ಪಾಲಿಯುರೆಥೇನ್‌ನ ಹಾರ್ಡನರ್ ಉಸಿರಾಟದ ತೊಂದರೆ ತರಬಲ್ಲದು. ಉಬ್ಬಸವಿರುವವರು ಆ ಕೆಲಸಕ್ಕೆ ಬೇಡ.

ನೀರಿನ ಸಂಪಿನೊಳಗೆ ಒಬ್ಬರೇ ಇಳಿದು ಕೆಲಸ ಮಾಡಕೂಡದು. ಗಾಳಿ ಆಡುವ ಏರ್ಪಾಡು ಇರಲಿ, ಮೇಲೆ ಒಬ್ಬರು ಸದಾ ನೋಡುತ್ತಿರಲಿ, ಬೀಡಿ ಬೆಂಕಿ ಹತ್ತಿರ ಸುಳಿಯದಿರಲಿ. ಒಳಗಿದ್ದವರು ತಲೆತಿರುಗಿ ಬಿದ್ದರೆ ಮೇಲಿದ್ದವರು ಹಾಗೆಯೇ ಧುಮುಕಬಾರದು. ಹಗ್ಗ ಮೊದಲೇ ಕಟ್ಟಿರಬೇಕು.

ಹಾಲು ವಾಸನೆಯನ್ನು ಬೇಗ ಹೀರುತ್ತದೆ. ಆದ್ದರಿಂದ ಕೆಲಸ ಆರಂಭಿಸಿದ ದಿನದಿಂದ ಹಾಲಿನ ಸ್ವೀಕಾರವನ್ನು ಬೇರೆ ಕಟ್ಟಡಕ್ಕೆ ವರ್ಗಾಯಿಸಿ. ಸಾಮಾನ್ಯವಾಗಿ 24 ಗಂಟೆಗೆ ಓಡಾಡುವಷ್ಟು ಗಟ್ಟಿಯಾದರೂ ಪೂರ್ತಿ ಬಲ ಬರಲು ಸುಮಾರು 7 ದಿನ ಬೇಕು. ವಾಸನೆ ಪೂರ್ತಿ ಹೋಗಿ, ನೆಲ ತೊಳೆದು ಒಣಗಿದ ಮೇಲೆಯೇ ಕ್ಯಾನು ಒಳಗೆ ತನ್ನಿ.

ಖಾಲಿಯಾದ ಡಬ್ಬಿ, ಬಕೆಟ್ಟು ನೋಡಲು ಗಟ್ಟಿಮುಟ್ಟಾಗಿ ಚೆನ್ನಾಗಿರುತ್ತವೆ. ಅವನ್ನು ಹಾಲಿಗೆ, ಕುಡಿಯುವ ನೀರಿಗೆ, ದನದ ಹಿಂಡಿ ಕಲಸುವುದಕ್ಕೆ ಎಂದಿಗೂ ಬಳಸತಕ್ಕದ್ದಲ್ಲ. ತಳ ತೂತು ಮಾಡಿ ವಿಲೇವಾರಿ ಮಾಡಿ. ದನಕರು ನೆಕ್ಕುವ ಕಡೆ ಬಿಸಾಡಬೇಡಿ. ಸ್ವಲ್ಪ ಉಳಿದ ಎ ಮತ್ತು ಬಿ ಇದ್ದರೆ ಸರಿಯಾದ ಪ್ರಮಾಣದಲ್ಲಿ ತೆಳುವಾಗಿ ಬೆರೆಸಿ ಗಟ್ಟಿಯಾಗಲು ಬಿಟ್ಟು ಆಮೇಲೆ ಹಾಕಿ. ಚರಂಡಿಗೆ, ಕೆರೆಗೆ ಸುರಿಯಕೂಡದು.

11. ದಾಖಲೆ ಮತ್ತು ದೋಷ ಪತ್ತೆ

ಹಾಲಿನ ಪ್ರತಿ ಸ್ಯಾಂಪಲ್‌ಗೆ ಸಂಖ್ಯೆ ಕೊಡುವ ನಮಗೆ ಪ್ರತಿ ಮಿಶ್ರಣಕ್ಕೂ ಸಂಖ್ಯೆ ಕೊಡುವುದು ಕಷ್ಟವಲ್ಲ. ಒಂದು ಪುಸ್ತಕದಲ್ಲಿ ಮಿಶ್ರಣದ ಸಂಖ್ಯೆ, ಸಮಯ, ಎ ತೂಕ, ಬಿ ತೂಕ, ಹಚ್ಚಿದ ಜಾಗ, ಬೆರೆಸಿದವರ ಸಹಿ ಬರೆಯಿರಿ. ಪ್ರತಿ ಮಿಶ್ರಣದಿಂದ ಒಂದು ಚಮಚದಷ್ಟನ್ನು ಕಾಗದದ ಲೋಟಕ್ಕೆ ಹಾಕಿ ಸಂಖ್ಯೆ ಬರೆದಿಡಿ. ಮರುದಿನ ಲೋಟದ್ದು ಉಗುರಿಗೆ ಸಿಗದಷ್ಟು ಗಟ್ಟಿಯಾಗಿದ್ದರೆ ಮಿಶ್ರಣ ಸರಿಯಿತ್ತು. ನೆಲದಲ್ಲಿ ಕೆಟ್ಟು, ಲೋಟದಲ್ಲಿ ಗಟ್ಟಿಯಾಗಿದ್ದರೆ ದೋಷ ನೆಲದ ತೇವದಲ್ಲೋ ಜಿಡ್ಡಿನಲ್ಲೋ ಇದೆ ಎಂದರ್ಥ. ಗುತ್ತಿಗೆದಾರರೊಂದಿಗೆ ವಾದ ಬಂದಾಗ ಈ ಪುಸ್ತಕ ಮತ್ತು ಲೋಟಗಳೇ ಸಾಕ್ಷಿ. ದೊಡ್ಡ ಕೆಲಸಕ್ಕೆ ಮೊದಲು ಒಂದು ಮೂಲೆಯಲ್ಲಿ ಒಂದು ಚದರ ಅಡಿ ಹಚ್ಚಿ ನೋಡುವುದು ಇನ್ನೂ ಉತ್ತಮ.

ಚುಕ್ಕೆ ಚುಕ್ಕೆಯಾಗಿ ಅಂಟು: ಕಲಕಿದ್ದು ಸಾಲದು. ಆ ಭಾಗ ಕೆರೆದು ತೆಗೆದು ಮತ್ತೆ ಹಚ್ಚಿ.
ಇಡೀ ಜಾಗ ಮೆತ್ತಗೆ: ಪ್ರಮಾಣ ತಪ್ಪಿದೆ ಅಥವಾ ಹಾರ್ಡನರ್ ಬದಲಾಗಿದೆ. ಪೂರ್ತಿ ತೆಗೆಯಬೇಕು. ಮೇಲೆ ಬರಿಯ ಹಾರ್ಡನರ್ ಸವರಿದರೆ ಗಟ್ಟಿಯಾಗದು.
ಗಟ್ಟಿಯಾಗಿದೆ, ಆದರೆ ಮೇಲೆ ಎಣ್ಣೆಯಂತಹ ಪೊರೆ: ಥಂಡಿ, ತೇವದ ಹವೆಯ ಪರಿಣಾಮ. ಉಗುರುಬೆಚ್ಚಗಿನ ನೀರಿನಿಂದ ಉಜ್ಜಿ ತೊಳೆದು, ಒಣಗಿಸಿ, ಎರಡನೆಯ ಕೋಟು ಹಚ್ಚಿ. ತೊಳೆಯದೆ ಹಚ್ಚಿದರೆ ಸುಲಿಯುತ್ತದೆ.
ಗುಳ್ಳೆ: ನೆಲದ ತೇವ, ಏರುಬಿಸಿಲು ಅಥವಾ ವೇಗವಾಗಿ ಕಲಕಿ ಸೇರಿದ ಗಾಳಿ.
ಮೀನಿನ ಕಣ್ಣಿನಂತಹ ಕುಳಿ: ನೆಲದಲ್ಲಿ ಜಿಡ್ಡು ಉಳಿದಿದೆ.

ಅಭ್ಯಾಸ

1. ಪ್ರಮಾಣ ತೂಕದಲ್ಲಿ 100:40. ಒಟ್ಟು 1.4 ಕಿಲೋ ಮಿಶ್ರಣ ಬೇಕು. ಎ ಎಷ್ಟು, ಬಿ ಎಷ್ಟು?
2. ಪಾಟ್ ಲೈಫ್ 25 ಡಿಗ್ರಿಯಲ್ಲಿ 40 ನಿಮಿಷ. 35 ಡಿಗ್ರಿಯಲ್ಲಿ ಅಂದಾಜು ಎಷ್ಟು?
3. ಎರಡನೆಯ ಬಕೆಟ್ಟಿಗೆ ಏಕೆ ಸುರಿಯಬೇಕು?
4. ನೆಲ ತೇವವಾಗಿದೆ. ಸಾಮಾನ್ಯ ಇಪಾಕ್ಸಿ ಹಚ್ಚಬಹುದೇ? ಅಕ್ರಿಲಿಕ್ ಸಿಮೆಂಟು ಲೇಪನ?
5. ಬೇಗ ಗಟ್ಟಿಯಾಗಲೆಂದು ಮೇಸ್ತ್ರಿ ಇಪಾಕ್ಸಿಗೆ ಹಾರ್ಡನರ್ ಹೆಚ್ಚು ಹಾಕುತ್ತಿದ್ದಾರೆ. ಏನು ಹೇಳುವಿರಿ?

ಉತ್ತರಗಳು: 1) ಎ 1 ಕಿಲೋ, ಬಿ 400 ಗ್ರಾಂ. 2) ಸುಮಾರು 20 ನಿಮಿಷ. 3) ಮೊದಲ ಬಕೆಟ್ಟಿನ ಗೋಡೆ ಮತ್ತು ತಳಕ್ಕೆ ಅಂಟಿದ ಬೆರೆಯದ ರೆಸಿನ್ ನೆಲ ಸೇರದಿರಲಿ ಎಂದು. 4) ಇಪಾಕ್ಸಿ ಹಚ್ಚಕೂಡದು, ನೀರು ನಿಂತಿರದಿದ್ದರೆ ಸಿಮೆಂಟು ಲೇಪನ ಹಚ್ಚಬಹುದು. 5) ನೊಗದ ಲೆಕ್ಕ ಹೇಳಿ ಕೂಡಲೇ ನಿಲ್ಲಿಸಿ. ಆ ಮಿಶ್ರಣವನ್ನು ನೆಲಕ್ಕೆ ಹಚ್ಚಲು ಬಿಡಬೇಡಿ.

ಕಾರ್ಯದರ್ಶಿಗಳು ಈ ಪಾಠವನ್ನು ಆಡಳಿತ ಮಂಡಳಿಯ ಸಭೆಯಲ್ಲಿ ಓದಿ ಹೇಳಿ, ಕೆಲಸ ಆರಂಭವಾಗುವ ದಿನ 7ನೇ ಭಾಗವನ್ನು ಪ್ರತಿ ಮಾಡಿ ಬೆರೆಸುವ ಸ್ಥಳದ ಗೋಡೆಗೆ ಅಂಟಿಸುವುದು. ಒಂದು ತಕ್ಕಡಿ, ಒಂದು ಗಡಿಯಾರ, ಎರಡು ಬಕೆಟ್ಟು ಇಷ್ಟಿದ್ದರೆ ಸದಸ್ಯರ ಹಣ ನೆಲದಲ್ಲಿ ಭದ್ರವಾಗಿ ಉಳಿಯುತ್ತದೆ.